ಪಾಚಿಗೆ ಗೊಬ್ಬರ ಹಾಕಿದವನಿಗೆ

ತಮ್ಮಾ,

ನನ್ನ ಕಾಲಿನ ಪ್ಲಾಸ್ಟರ್ ಬಿಚ್ಚಲು ಇನ್ನೂ ಮೂರು ವಾರ ಬೇಕಂತೆ. ನಮ್ಮ ಜೌಗು ನೆಲದ ಫೋಟೊ ತಲುಪಿತು. "ಅಕ್ಕಾ, ಗೊಬ್ಬರ ಹಾಕಿದೆ, ಹೇಗೆ ಹಸಿರಾಗಿದೆ ನೋಡು" ಅಂತ ಬರೆದಿದ್ದೀಯ. ನೋಡಿದೆ. ಅದು ಪಾಚಿಯಲ್ಲ, ಹುಲ್ಲು.

ಅಲ್ಲಿದ್ದ ಪಾಚಿಗೆ ಬರೀ ಮಳೆನೀರು ಸಾಕಿತ್ತು. ಸತ್ತರೂ ನೀರಿನಡಿ ಗಾಳಿ ತಾಗದೆ, ಕೊಳೆಯದೆ ಪದರ ಪದರವಾಗಿ ಮಣ್ಣಾಗುತ್ತಿತ್ತು, ಬೆರಳಗಲ ಮಣ್ಣಿಗೆ ಹದಿನೈದು ವರ್ಷ. ಈಗ ಹುಲ್ಲಿನ ಬೇರು ಒಳಗೆ ಗಾಳಿ ಬಿಟ್ಟರೆ ಅಷ್ಟೂ ಕೊಳೆಯುತ್ತದೆ. ಅಪ್ಪ ಸಾಯುವ ವಾರದವರೆಗೂ ಅಲ್ಲಿ ಮಂಡಿಯೂರಿ ಹುಲ್ಲು ಕಿತ್ತದ್ದು ಹೊತ್ತು ಹೋಗದೆ ಅಲ್ಲ.

ಉಳಿದ ಮೂಟೆ ವಾಪಸ್ ಕೊಡು. ಪಾಚಿ ತುಳಿಯದಂತೆ ಹಲಗೆ ಹಾಸಿಕೊಂಡು, ಹುಲ್ಲನ್ನು ಕೈಯಿಂದಲೇ ಕೀಳು. ಆಮೇಲೆ ನಾನು ಬರುವ ತನಕ ದಯವಿಟ್ಟು ಇನ್ಯಾವ ಉಪಕಾರವನ್ನೂ ಮಾಡಬೇಡ.

ಇಂತಿ,
ಇನ್ನೂ ನಿನ್ನ ಅಕ್ಕನೇ