ಮಗ್ಗವಿಲ್ಲದ ಮನೆಯ ಕಟ್ಟಳೆ

ಪೆರಿಯನಾಯಕನಪಾಳ್ಯಂ
೧೪-೧೨-೨೦೨೪

ಸೊಸೆ ವಿನೋದಿನಿಗೆ ಅತ್ತೆ ರಾಮಾಯಿಯ ಆಶೀರ್ವಾದ. ನಿನ್ನ ಅಪ್ಪ ದೀನದಯಾಳನ್ ಅವರಿಗೂ ಅಮ್ಮನಿಗೂ ನನ್ನ ನಮಸ್ಕಾರ ಹೇಳು.

ನೀನು ತಾಳವಾಡಿಗೆ ಹೋಗಿ ಆರು ವಾರವಾಯಿತು. ಇಷ್ಟು ದಿನ ಬರೆಯದೆ ಇದ್ದದ್ದು ತಪ್ಪು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದೆ ಇರುವುದೇ ಒಳ್ಳೆಯದು, ಫೋನಿನಲ್ಲಿ ನನಗೆ ಗದರುವುದೊಂದೇ ಬರುತ್ತದೆ. ನಾನೂ ನಿನ್ನ ಹಾಗೆ ತಾಳವಾಡಿಯಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಓದಿದವಳು. ಈ ಮನೆಯಲ್ಲಿ ಈ ಅಕ್ಷರ ಓದಬಲ್ಲವರು ನಾವಿಬ್ಬರೇ. ತಮಿಳು ಓದಿದ ಮಗ ಸೆಂದಿಲ್ ಈ ಕಾಗದವನ್ನು ಮೇಜಿನ ಮೇಲೆ ಕಂಡರೂ ಅವನಿಗೆ ತಿಳಿಯುವುದಿಲ್ಲ.

ಇಲ್ಲಿ ಮಳೆ ಬಿಟ್ಟಿಲ್ಲ. ಸೆಂದಿಲನ ವರ್ಕ್‌ಶಾಪಿನ ಖಾಕಿ ಪ್ಯಾಂಟು ಮೂರು ದಿನವಾದರೂ ಒಣಗದೆ ನಾರುತ್ತಿತ್ತು. ಕಡೆಗೆ, ನೀನು ತರಿಸಿದ್ದ ಬಟ್ಟೆ ಒಣಗಿಸುವ ಕರೆಂಟಿನ ಸ್ಟ್ಯಾಂಡನ್ನು ಮಂಚದ ಕೆಳಗಿಂದ ಎಳೆದೆ. ಹೌದು, ನಾನೇ. ನಗಬೇಡ. ಕಂಬಿ ಕೈ ಸುಡುವಷ್ಟು ಕಾಯುವುದಿಲ್ಲ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ದೋಸೆ ಹೆಂಚಿನಷ್ಟು ಬಿಸಿ. ಮೊದಲ ದಿನ ಎಲ್ಲವನ್ನೂ ಒಂದರ ಮೇಲೊಂದು ಹೇರಿದೆ, ಯಾವುದೂ ಒಣಗಲಿಲ್ಲ. ಈಗ ಒಂದೊಂದಾಗಿ ಹರಡಿ, ಮೇಲೆ ಹಳೆಯ ಹೊದಿಕೆ ಮುಚ್ಚಿ, ಕಿಟಕಿ ಒಂದಿಷ್ಟು ತೆರೆದಿಡುತ್ತೇನೆ. ಇಲ್ಲದಿದ್ದರೆ ಗೋಡೆ ಬೆವರುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡಬೇಕಾದವಳು ಇಲ್ಲಿಲ್ಲ.

ಎದುರುಮನೆ ಸಾಮಿಯಾತಾಳ್ ನೋಡಿ ಸುಮ್ಮನಿರುತ್ತಾಳೆಯೇ? "ಏನಕ್ಕಾ, ಸೊಸೆ ಇರೋವಾಗ ಇದು ಅಪಶಕುನ, ಅವಳು ಹೋದ್ಮೇಲೆ ನಿಂಗೆ ನಾಗರಿಕವಾ?" ಅಂದಳು. "ನಿನ್ ಬಟ್ಟೆ ತಂದು ಹಾಕ್ಬೇಕಾದ್ರೆ ಹಾಕು, ಬಾಯಿ ಹಾಕ್ಬೇಡ" ಅಂದೆ. ಮರುದಿನವೇ ಮಗನ ಎರಡು ಶರ್ಟು ಹಿಡಿದು ಬಂದಳು, ನಾಚಿಕೆಗೆಟ್ಟವಳು.

ಆದರೆ ಅವಳು ಅಂದದ್ದು ಸುಳ್ಳಲ್ಲ. ಈ ಮನೆಗೆ ನಾನು ಸೊಸೆಯಾಗಿ ಬಂದಾಗ ನಡುಮನೆಯಲ್ಲಿ ಗುಂಡಿ ಮಗ್ಗವಿತ್ತು. ಒದ್ದೆ ಬಟ್ಟೆಯ ತೇವಕ್ಕೆ ಗಂಜಿ ಹಾಕಿದ ಹಾಸಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂದು ನನ್ನ ಅತ್ತೆ ಒಳಗೆ ಒಂದು ಕರವಸ್ತ್ರವನ್ನೂ ಒಣಹಾಕಲು ಬಿಡುತ್ತಿರಲಿಲ್ಲ. "ಸಾವಿನ ಮನೇಲಿ ಮಾತ್ರ ಒದ್ದೆ ಬಟ್ಟೆ ಒಳಗೆ ತೂಗೋದು" ಎಂದು ನಮ್ಮನ್ನು ಹೆದರಿಸುತ್ತಿದ್ದರು. ಮಗ್ಗ ಬಿಚ್ಚಿ, ಗುಂಡಿ ಮುಚ್ಚಿ, ಮೇಲೆ ಟೈಲ್ಸ್ ಹಾಕಿ ಹನ್ನೊಂದು ವರ್ಷವಾಯಿತು. ಮಗ್ಗ ಹೋಯಿತು, ಅದರ ಕಟ್ಟಳೆಯನ್ನು ಮಾತ್ರ ನಾನು ಕಾಯುತ್ತಾ ಕೂತೆ. ಎಳೆಯೇ ಇಲ್ಲದ ಮನೆಯಲ್ಲಿ ಏನು ಅಂಟಿಕೊಳ್ಳುತ್ತದೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ನಾಡಿದ್ದು ಮಾರ್ಗಳಿ ತಿಂಗಳು ಹುಟ್ಟುತ್ತದೆ. "ಮಾರ್ಗಳಿ ಚಳೀಲಿ ಕೂಸಿನ ಬಟ್ಟೆ ಒಣಗಲ್ಲ ಅತ್ತೆ, ಅದ್ಕೇ ತರಿಸ್ದೆ" ಅಂದಿದ್ದೆ ನೀನು, ಸ್ಟ್ಯಾಂಡಿನ ಪೆಟ್ಟಿಗೆ ಬಿಚ್ಚುತ್ತಾ. ಏಳು ತಿಂಗಳ ಹೊಟ್ಟೆ ಹೊತ್ತು ನೆಲದಲ್ಲಿ ಕೂತಿದ್ದೆ. ನಿನ್ನ ಮಾವನ ಹಳೆಯ ಪಂಚೆಯನ್ನು ಹರಿದು ನಾನು ಕೂಸಿಗೆಂದು ಹದಿನಾಲ್ಕು ತುಂಡು ಮಾಡಿಟ್ಟಿದ್ದೆನಲ್ಲ, ಅವು ಬೀರುವಿನಲ್ಲಿ ಮುಗ್ಗಲು ಹಿಡಿದಿದ್ದವು. ಬುಧವಾರ ಒಗೆದು ಆ ಕಂಬಿಗಳ ಮೇಲೆ ಹರಡಿದೆ. ಮಧ್ಯಾಹ್ನಕ್ಕೆ ಎಲ್ಲವೂ ಬೆಚ್ಚಗೆ ಒಣಗಿದ್ದವು. ಮಡಿಚಿ ಮಡಿಲಲ್ಲಿಟ್ಟುಕೊಂಡು, ಬಿಸಿ ಆರುವವರೆಗೆ ಕೂತಿದ್ದೆ.

ಸೆಂದಿಲ್ ಹೆಚ್ಚು ಮಾತಾಡುವುದಿಲ್ಲ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು: "ಜಾರುತ್ತೆ ಅಂತ ಗೊತ್ತಿದ್ದೂ ಯಾಕಮ್ಮಾ ಹೇಳ್ದೆ ಕೇಳ್ದೆ ತಾರಸಿ ಹತ್ತಿ ಬಿದ್ಳು? ನನ್ ಮಗಳ್ನ ಅವಳೇ ಕಳ್ದಳು." ನಿನಗೂ ಇದನ್ನೇ ಮುಖದೆದುರು ಹೇಳಿದ. ಅದಕ್ಕೇ ಅಲ್ಲವೇ ನೀನು ಆಸ್ಪತ್ರೆಯಿಂದ ಬಂದ ವಾರವೇ ಹೊರಟದ್ದು. ಅವನು ಹಾಗೆ ಅಂದಾಗಲೆಲ್ಲ ನಾನು ಸಾರು ಬಡಿಸಿ ಒಳಗೆ ಹೋಗುತ್ತಿದ್ದೆ.

ಮೈ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ತಣ್ಣೀರು ಮುಟ್ಟಬೇಡ. ನಿನ್ನ ಒಡಲು ಮತ್ತೆ ತುಂಬಲಿ, ನಿನಗೆ ನೂರು ವರ್ಷ ಆಯುಸ್ಸಿರಲಿ.

ಇತಿ,
ರಾಮಾಯಿ

ಮ.ವಿ.: ಇದನ್ನು ನಿನ್ನ ಅಪ್ಪ ಅಮ್ಮನ ಎದುರು ಗಟ್ಟಿಯಾಗಿ ಓದು. ಅವತ್ತು ನೀನು ಹೇಳದೆ ಹತ್ತಲಿಲ್ಲ. "ಮೇಲೆ ಪಾಚಿ ಅದೆ ಅತ್ತೆ, ಇವತ್ತೊಂದು ದಿನ ಒಳಗೆ ಹಾಕ್ತೀನಿ" ಎಂದು ಕೇಳಿದೆ. ನಾನು ಸ್ಟ್ಯಾಂಡಿನ ಪ್ಲಗ್ ಕಿತ್ತು, "ನಮ್ಮನೇಲಿ ಇನ್ನೂ ಯಾರೂ ಸತ್ತಿಲ್ಲ, ಎತ್ತು ಬಕೀಟು" ಅಂದೆ. ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದಾಗ, "ನಂಗೆ ಗೊತ್ತೇ ಇಲ್ಲ, ಅವಳಾಗೇ ಹೋದ್ಳು" ಅಂದದ್ದೂ ನಾನೇ. ಮಂಚದ ಮೇಲಿಂದ ನೀನು ನನ್ನನ್ನೇ ನೋಡಿದೆ. ನೀನು ಅಲ್ಲ ಅಂದಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಸುಮ್ಮನಿದ್ದು ನನ್ನನ್ನು ಕೊಂದೆ.

ನಿನ್ನೆ ಸೆಂದಿಲನಿಗೆ ಎಲ್ಲವನ್ನೂ ಹೇಳಿದೆ. ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದ. ನಾಳೆ ಮೊದಲ ಬಸ್ಸಿಗೆ ಅಲ್ಲಿಗೆ ಬರುತ್ತಾನೆ. ಈ ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ನೀವಿಬ್ಬರೂ ಬೇರೆ ಮನೆ ಮಾಡುವುದಾದರೆ ನಾನು ಅಡ್ಡ ಬರುವುದಿಲ್ಲ. ಇವತ್ತು ಬೆಳಿಗ್ಗೆ ಅವನು ನನ್ನ ಕೈಯ ಕಾಫಿ ಕುಡಿಯಲಿಲ್ಲ. ಅವನು ಮಾಡಿದ್ದು ಸರಿ.