ಗಿಂಡಿಗೆ ಇನ್ನೊಂದು ಕೈ

ಬಸ್ರೂರು
೧೮ ಡಿಸೆಂಬರ್ ೨೦೨೪

ಪ್ರೀತಿಯ ಉಮಾ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ. ಚೆನ್ನಾಗಿಲ್ಲ ಎಂದರೆ ನಿನಗೆ ಕೇಳುವ ಮನಸ್ಸು ಇರಲಿಕ್ಕಿಲ್ಲ. ಆ ಮಾತು ಬಿಡುವ. ತೃಷಾಳ ಮದುವೆ ಕಳೆದು ಇಪ್ಪತ್ತಾರು ದಿನ ಆಯಿತು. ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ವಾಟ್ಸಾಪಿನಲ್ಲಿ ಹಾಕಿದ್ದನ್ನು ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ವಾರವಾರ ಪತ್ರಿಕೆಗೆ ಏಳೆಂಟು ಪುಟ ಗೀಚುತ್ತಿದ್ದವಳಿಗೆ ನಿನಗೊಂದು ಕಾಗದ ಬರೆಯಲು ಇಷ್ಟು ದಿನ ಬೇಕಾಯಿತು. ಎಷ್ಟು ಬೇಕಾದರೂ ಬೈಯಿ, ಆದರೆ ಪೂರ್ತಿ ಓದು.

ಕೈ ಹೇಗಿದೆ? ಬಚ್ಚಲಲ್ಲಿ ಜಾರಿ ಮುರಿದುಕೊಂಡ ಮಣಿಕಟ್ಟು ಬೆಳಗಿನ ಚಳಿಗೆ ಈಗಲೂ ನೋಯುತ್ತದಾ? ಬಲಗೈಯಲ್ಲಿ ಕೊಡಪಾನ ಎತ್ತಬೇಡ. ಬ್ರಹ್ಮಾವರದಲ್ಲಿ ಈಗ ನೀನೊಬ್ಬಳೇ, ಎತ್ತಿಕೊಡಲು ಮಗಳು ತೃಷಾ ಇಲ್ಲ.

ಇಲ್ಲಿಯ ಸುದ್ದಿ ಎಂದರೆ ಚೇತನಾಳ ಮದುವೆ ಗಟ್ಟಿಯಾಯಿತು. ಬಾರ್ಕೂರಿನ ಮನೆ, ಹುಡುಗನ ಹೆಸರು ಸುಶಾಂತ್, ಪುಣೆಯಲ್ಲಿ ಅವರದ್ದೇ ಹೋಟೆಲ್. ಫೆಬ್ರವರಿಯಲ್ಲಿ ದಿನ ಇಟ್ಟಿದ್ದಾರೆ. ಎಲ್ಲದಕ್ಕೂ ಓಡಾಡುವವನು ನನ್ನ ಮೈದುನ ಭೋಜರಾಜ. ಸಭಾಭವನ ಅವನೇ ನೋಡಿದ, ಅಡುಗೆಯವರು ಅವನು ಹೇಳಿದವರೇ, ನಾನು ಯಾವ ಬಣ್ಣದ ಸೀರೆ ಉಡಬೇಕೆಂದೂ ಅವನ ಹೆಂಡತಿಯೇ ಹೇಳಿಯಾಯಿತು. ಹೂಂ ಎನ್ನುವುದು ಬಿಟ್ಟರೆ ನನಗೆ ಕೆಲಸವಿಲ್ಲ. ಹೂಂ ಎಂದು ಎಂದೇ ಸುಸ್ತಾಗಿದೆ ಉಮಾ. ಮಗಳು ಖುಷಿಯಾಗಿದ್ದಾಳೆ, ಅಷ್ಟು ಸಾಕು ಎಂದುಕೊಳ್ಳುತ್ತೇನೆ.

ಪತ್ರಿಕೆಯ ಧಾರಾವಾಹಿ ಮುಗಿದು ಮೂರು ತಿಂಗಳಾದರೂ ಅಪ್ಪಿಯ ಕಾಟ ಮುಗಿದಿಲ್ಲ. ಅವಳನ್ನು ನಾನು ಏನೋ ಗುಂಗಿನಲ್ಲಿ ಬರೆದುಬಿಟ್ಟೆ. ಗಂಡ ಸತ್ತ ಹೆಂಗಸು, ಮಗಳು ತಾನೇ ಮೆಚ್ಚಿದವನನ್ನು ಮದುವೆಯಾಗುತ್ತಾಳೆ, ಆ ಸಿಟ್ಟಿಗೆ ಅಪ್ಪಿಯ ಅಣ್ಣ ಧಾರೆ ಎರೆಯಲು ಬರುವುದಿಲ್ಲ. ನಮ್ಮ ಕಡೆ ಧಾರೆಯ ನೀರಿನ ಗಿಂಡಿ ಹಿಡಿಯುವುದು ಗಂಡಹೆಂಡಿರು ಇಬ್ಬರೂ ಸೇರಿ. ಅಪ್ಪ ಇಲ್ಲದಿದ್ದರೆ ಮಾವ ಅತ್ತೆ, ಇಲ್ಲವೇ ಚಿಕ್ಕಪ್ಪ ಚಿಕ್ಕಮ್ಮ. ಹೆತ್ತವಳು ವಿಧವೆಯಾದರೆ ಹಿಂದೆ ಕುರ್ಚಿಯಲ್ಲಿ ಕೂರಬೇಕು. ನನ್ನ ಅಪ್ಪಿ ಕೂರಲಿಲ್ಲ, ಗಿಂಡಿ ತಾನೇ ಎತ್ತಿದಳು. ಆಗ ಕೊನೆಯ ಸಾಲಿನಿಂದ ಅವಳ ಬಾಲ್ಯದ ಗೆಳತಿ, ಅವಳೂ ಗಂಡ ಇಲ್ಲದವಳೇ, ಎದ್ದು ಬಂದು ಗಿಂಡಿಯ ಅಡಿಗೆ ಕೈ ಕೊಟ್ಟಳು. ಇಬ್ಬರು ಹೆಂಗಸರು ಸೇರಿ ಧಾರೆ ಎರೆದರು. ಅಲ್ಲಿಗೆ ಕಥೆ ಮುಗಿಸಿದೆ.

ಅಂದಿನಿಂದ ಫೋನ್ ನಿಂತಿಲ್ಲ. ಬೈಂದೂರಿನಿಂದ ಒಬ್ಬರು, "ಹ್ವಾಯ್, ವನಜಕ್ಕ ಅಲ್ದಾ? ಅಪ್ಪಿ ಕೈಯಂಗೆ ಗಿಂಡಿ ಕೊಟ್ರಿ ಕಾಣಿ, ನಂಗ್ ಮೂರ್ ರಾತ್ರಿ ಒರಕ್ ಬರ್ಲಿಲ್ಲೆ" ಎಂದು ಅತ್ತರು. ಇನ್ನೊಬ್ಬ ಗಂಡಸು ಹೆಸರೂ ಹೇಳದೆ, "ನಿಮ್ಗ್ ಬರಿಯುಕೆ ಬೇರೆ ಎಂತದೂ ಸಿಕ್ಲಿಲ್ಯಾ?" ಎಂದು ಕೇಳಿ ಇಟ್ಟ. ಮೊದಮೊದಲು ಹೆಮ್ಮೆಯಾಯಿತು, ಸುಳ್ಳೇಕೆ. ಬಸ್ಸಿನಲ್ಲಿ ಯಾರಾದರೂ ಗುರುತಿಸಿದರೆ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದೆ. ಈಗ ಫೋನ್ ಹೊಡೆದುಕೊಂಡರೆ ಎತ್ತದೆ ಮಗುಚಿ ಇಡುತ್ತೇನೆ.

ತೃಷಾಳ ಮದುವೆಗೆ ಮುಂಚೆ ನೀನು ಫೋನ್ ಮಾಡಿ ಹೇಳಿದ್ದು ಒಂದು ಅಕ್ಷರ ಬಿಡದೆ ನೆನಪಿದೆ. "ಅಣ್ಣ ಎರೂದಿಲ್ಲ ಅಂದದ್ದಲ್ಲ ಮಾರಾಯ್ತಿ, ನಾನೇ ಬ್ಯಾಡ ಅಂದೆ. ಸಾಂಕದ್ ನಾನ್, ಧಾರಿ ಎರೂಕೂ ನಾನೇ ಆಯ್ಕ್. ನನ್ ಕೈ ಗಂಟ್ ಹೆಂಗಿತ್ತ್ ಅಂದ್ ನಿಂಗ್ ಗೊತ್ತಿತ್ತಲ್ಲ, ನೀರ್ ತುಂಬಿದ್ ಗಿಂಡಿ ಒಬ್ಳೆ ಎತ್ತುಕಾತಿಲ್ಲ. ನೀನ್ ಬಂದ್ ಹಿಡ್ಕಣ್ಕ್" ಎಂದೆ. ನಾನು ನಕ್ಕು, "ಬತ್ತೆ, ನಾನ್ ಬರ್ದೆ ಇನ್ಯಾರ್ ಬತ್ರ್?" ಎಂದೆ. ಆ ಕ್ಷಣ ಅದು ಸುಳ್ಳಲ್ಲ. ಐವತ್ತು ವರ್ಷದಿಂದ ಒಬ್ಬರಿಗೊಬ್ಬರು ಬುತ್ತಿ ಹಂಚಿಕೊಂಡವರು ನಾವು, ಇಬ್ಬರ ಗಂಡಂದಿರೂ ಎರಡು ವರ್ಷದ ಅಂತರದಲ್ಲಿ ಹೋದರು. ಕಥೆಯ ಗೆಳತಿಗೆ ನಾನು ಯಾರ ಮುಖ ಇಟ್ಟಿದ್ದೆ ಎಂದು ನಿನಗೆ ಹೇಳಬೇಕಾಗಿಲ್ಲ.

ಚೇತನಾಳಿಗೆ ಜ್ವರ ಎಂದು ಮದುವೆಯ ದಿನ ಬೆಳಿಗ್ಗೆ ಮೆಸೇಜ್ ಹಾಕಿದ್ದೆ, ನೀನು ನೋಡಿರಬೇಕು. ಬಿಟ್ಟು ಬರಲು ಆಗಲಿಲ್ಲ. ಬರಬೇಕಿತ್ತು, ತಪ್ಪು ನನ್ನದೇ. ಹಿಂದಿನ ವಾರ ಭೋಜರಾಜ ಇಲ್ಲಿ ಜಗಲಿಯಲ್ಲಿ ಕುಳಿತು, "ಅತ್ಗಿ, ನೀವ್ ಕಥಿ ಬರಿನಿ, ಯಾರ್ ಬ್ಯಾಡ ಅಂದದ್? ಅಲ್ಲ್ ಹೋಯಿ ಗಿಂಡಿ ಮಾತ್ರ ಹಿಡುಕಾಗ. ಚೇತನಂದ್ ಮಾತ್ ನಡೀತಾ ಇತ್ತ್" ಎಂದು ಹೇಳಿದ್ದು ಹೌದು. ಒರಟಾಗಿ ಹೇಳಲಿಲ್ಲ, ಚಾ ಕುಡಿಯುತ್ತಲೇ ಹೇಳಿದ. ಅವನಿಗೆ ಹೆದರಿ ಬರಲಿಲ್ಲ ಎಂದು ತಿಳಿಯಬೇಡ. ಅವನಿಲ್ಲದಿದ್ದರೆ ನನಗೆ ಇಷ್ಟು ವರ್ಷ ನೂಕಲು ಆಗುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಮೊನ್ನೆ ಅಕ್ಕಿ ಆರಿಸುತ್ತಾ ಕುಳಿತಿದ್ದೆ. ಚೇತನಾ ಬಂದು ಎದುರು ಕುಳಿತಳು. "ಅಮ್ಮ, ನನ್ ಧಾರೆಗೆ ನೀನ್ ಎಲ್ಲ್ ನಿತ್ಕಂತೆ?" ಎಂದಳು. "ಹಿಂದ್ ಕುರ್ಚಿ ಇರತ್ತಲ್ಲ, ಅಲ್ಲ್ ಕೂಕಂತೆ. ಚಿಕ್ಕಪ್ಪ ಚಿಕ್ಕಮ್ಮ ಎರೀತ್ರ್" ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಜೊತೆ ಕಲ್ಲು ಹೆಕ್ಕಿದಳು. ಆಮೇಲೆ, "ಹಾಂಗಾರೆ ಅಪ್ಪಿನ್ ಎಂತಕ್ ನಿಲ್ಸದ್ದ್?" ಎಂದು ಕೇಳಿದಳು. ಬೈದು ಕೇಳಿದ್ದಲ್ಲ, ತಿಳಿದುಕೊಳ್ಳಲಿಕ್ಕೆ ಕೇಳಿದ್ದು. ಕಥೆ ಬೇರೆ ಮಗಾ ಎಂದೆ. ಅಕ್ಕಿ ಮುಗಿಯಿತು, ಅವಳು ಎದ್ದು ಹೋದಳು. ನನಗೆ ಆ ಮೊರ ಎತ್ತಿಡಲೂ ಬೇಸರವಾಯಿತು.

ಇನ್ನೊಂದು ಸಂಗತಿ. ಪತ್ರಿಕೆಯ ನಿತೇಶ್ ಧಾರಾವಾಹಿಯನ್ನು ಪುಸ್ತಕ ಮಾಡುವ ಎಂದು ಬೆನ್ನು ಹತ್ತಿದ್ದಾನೆ. "ಅಕ್ಕ, ಅರ್ಪಣೆ ಯಾರಿಗೆ ಅಂದ್ ಒಂದ್ ಗೆರಿ ಬರ್ದ್ ಕೊಡಿ" ಎಂದು ನಿನ್ನೆಯೂ ಕೇಳಿದ. ನಿನ್ನ ಹೆಸರು ಹಾಕಬೇಕೆಂದು ನನ್ನಾಸೆ. ಹಾಕಲಾ? ನೀನು ಹೂಂ ಎನ್ನದೆ ನಾನು ಕೊಡುವುದಿಲ್ಲ.

ಚೇತನಾಳ ಮದುವೆಗೆ ನೀನು ಬರಲೇಬೇಕು ಎಂದು ಒತ್ತಾಯ ಮಾಡಲು ನನಗೆ ಬಾಯಿಲ್ಲ. ಆಮಂತ್ರಣ ಅಚ್ಚಾದ ಮೇಲೆ ನಾನೇ ಬಂದು ಕೊಡುತ್ತೇನೆ, ಬಾಗಿಲು ತೆಗೆದರೆ ಸಾಕು. ತೃಷಾ ಮತ್ತು ಅವಳ ಗಂಡನಿಗೆ ದೇವರು ಆಯುಷ್ಯ ಆರೋಗ್ಯ ಕೊಡಲಿ, ಅವರ ಮನೆ ತಣ್ಣಗಿರಲಿ. ನೀನು ಮಾತ್ರೆ ತಪ್ಪಿಸಬೇಡ.

ಯಾವತ್ತೂ ನಿನ್ನವಳೇ ಆದ
ವನಜ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿದೆ. ಆ ದಿನ ಚೇತನಾಳಿಗೆ ಜ್ವರ ಇರಲಿಲ್ಲ. ಅವಳು ಎಂದಿನಂತೆ ಕೆಲಸಕ್ಕೆ ಹೋಗಿದ್ದಳು. ಮೆಸೇಜನ್ನು ನಾನು ಬೆಳಿಗ್ಗೆ ಹಾಕಿದ್ದೂ ಅಲ್ಲ, ಹನ್ನೊಂದೂವರೆಗೆ, ಬ್ರಹ್ಮಾವರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹಾಕಿದ್ದು. ಸಮಯ ಅದರಲ್ಲೇ ಇದೆ, ನೀನು ನೋಡಿರುತ್ತೀಯ.

ನಾನು ಬಂದಿದ್ದೆ ಉಮಾ. ನೀನು ಕೊಟ್ಟ ನೀಲಿ ಸೀರೆ ಉಟ್ಟು, ಕುಂದಾಪುರದಲ್ಲಿ ಬಸ್ ಬದಲಿಸಿ, ಧಾರೆಯ ಹೊತ್ತಿಗೆ ಸರಿಯಾಗಿ ಬಂದಿದ್ದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಾಗ ಮುಂದಿನ ಸಾಲಿನಲ್ಲಿ ಚೇತನಾಳಿಗೆ ಮಾತು ನಡೆಯುತ್ತಿದ್ದ ಸುಶಾಂತನ ಅಪ್ಪ ಅಮ್ಮ ಕುಳಿತದ್ದು ಕಂಡಿತು. ನಿನ್ನ ಅಳಿಯನ ಕಡೆಯವರಿಗೆ ಅವರು ನೆಂಟರಂತೆ, ನನಗೆ ಗೊತ್ತಿರಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ನೀನು ಗಿಂಡಿ ಎತ್ತಿ ಬಾಗಿಲ ಕಡೆ ನೋಡಿದೆ. ಭಟ್ಟರು ಕಾದರು. ಇನ್ನೊಮ್ಮೆ ನೋಡಿದೆ. ಮೂರನೇ ಸಲ ನೀನು ನೋಡುವಾಗ ನಾನು ಕಂಬದ ಮರೆಗೆ ಸರಿದೆ. ಆಮೇಲೆ ನೀನು ಒಬ್ಬಳೇ ಎರೆದೆ. ಗಿಂಡಿ ವಾಲಿ ನೀರೆಲ್ಲ ತೃಷಾಳ ಸೆರಗಿನ ಮೇಲೆ ಚೆಲ್ಲಿತು, ಯಾರೋ ನಕ್ಕರು. ಅಷ್ಟನ್ನು ನೋಡಿ ನಾನು ಚಪ್ಪಲಿ ಹುಡುಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ.

ಕಥೆಯಲ್ಲಿ ಆ ಗೆಳತಿಯನ್ನು ಕೊನೆಯ ಸಾಲಿನಿಂದ ಮಂಟಪಕ್ಕೆ ನಡೆಸಿಕೊಂಡು ಬರಲು ನನಗೆ ಹತ್ತು ನಿಮಿಷವೂ ಹಿಡಿದಿರಲಿಲ್ಲ. ಅವತ್ತು ನೀನು ನನ್ನನ್ನು ಕಂಡೆಯೋ ಇಲ್ಲವೋ, ಇಪ್ಪತ್ತಾರು ದಿನದಿಂದ ಅದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿದೆ. ಕಂಡಿರದಿದ್ದರೆ ಈಗ ನಾನೇ ಹೇಳಿದಂತಾಯಿತು.

ಪುಸ್ತಕಕ್ಕೆ ನಿನ್ನ ಹೆಸರು ಹಾಕಬೇಡ ಎನ್ನುವುದಕ್ಕಾದರೂ ಒಂದು ಸಾಲು ಬರೆ.