ನನ್ನ ಜೀಪು ಹತ್ತುತ್ತದೆಂದರೆ ಅದು ರಸ್ತೆಯೇ?

ಮಾನ್ಯರೇ,

ನಮ್ಮ ಗುಡ್ಡದ ದಾರಿಗೆ ಕಾಂಕ್ರೀಟು ಬೇಕಿಲ್ಲವೆಂದು ನಮ್ಮ ಅರ್ಜಿಗೆ ತಮ್ಮ ಕಚೇರಿ ಕೊಟ್ಟ ಹಿಂಬರಹ ತಲುಪಿದೆ. 'ಸದರಿ ದಾರಿಯಲ್ಲಿ ಜೀಪು ದಿನವೂ ಸಂಚರಿಸುತ್ತಿರುವುದರಿಂದ ಅದು ವಾಹನಯೋಗ್ಯವಾಗಿದೆ' ಎಂದಿದ್ದೀರಿ. ಆ ಜೀಪು ನನ್ನದು.

ಮೇಗುಂದ ಹೋಬಳಿಯ ನಮ್ಮ ಹನ್ನೊಂದು ಮನೆಗಳಿಗೆ ಡಾಂಬರಿನಿಂದ ನಾನೂರು ಮೀಟರ್ ಏರು, ಅಷ್ಟೇ. ಒಂದು ಕಡೆ ಗುಡ್ಡ ಕಡಿದ ಮಣ್ಣಿನ ಧರೆ, ಇನ್ನೊಂದು ಕಡೆ ಆಳದ ಕೊರಕಲು. ಮಳೆಗಾಲದಲ್ಲಿ ಟೈರಿಗೆ ಚೈನು ಕಟ್ಟಿ, ಫೋರ್ ವೀಲ್ ಹಾಕಿ, ಒಂದನೇ ಗೇರಿನಲ್ಲೇ ಹತ್ತಬೇಕು. ನಡುವೆ ಗೇರು ಬದಲಿಸಿದರೆ ಜೀಪು ಹಿಂದಕ್ಕೆ ಜಾರುತ್ತದೆ. ಪರಿಶೀಲನೆಗೆ ಬಂದ ತಮ್ಮ ಸಿಬ್ಬಂದಿಯನ್ನು ಹತ್ತಿಸಿದವನೂ ನಾನೇ. ಕಂಬಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಹಾಗೆ ನೋಡಿದ್ದನ್ನೇ ವರದಿ ಮಾಡಿದರೇ?

ಕಳೆದ ಆಷಾಢದಲ್ಲಿ ಮೇಲಿನ ಮನೆಯ ಶೇಷಮ್ಮ ಕೊಟ್ಟಿಗೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಜೀಪಿನ ಹಿಂದೆ ಮಲಗಿಸಿದೆವು. ಸೊಸೆ ಅರ್ಪಿತಾ ತಲೆ ಹಿಡಿದು ಕೂತಳು. ಅರ್ಧ ಇಳಿದಿದ್ದೆವು, ಚೈನು ತುಂಡಾಯಿತು. ಬ್ರೇಕು ಒತ್ತಿದೆ. ಗಾಲಿ ನಿಂತವು, ಜೀಪು ನಿಲ್ಲಲಿಲ್ಲ. ಕೊರಕಲಿಗಿಂತ ವಾಸಿಯೆಂದು ಧರೆಗೆ ಗುದ್ದಿಸಿದೆ. ಆ ಏಟಿಗೆ ಶೇಷಮ್ಮ ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಜೀಪು ಸಾಕು ಯೋಗಣ್ಣ, ಹೊತ್ಕಂಡೇ ಹೋಗಾಣ" ಎಂದಳು ಅರ್ಪಿತಾ. ಏಣಿಗೆ ಕಂಬಳಿ ಕಟ್ಟಿ ನಾಲ್ವರು ಹೊತ್ತೆವು. ಕೆಳಗೆ ಆಂಬುಲೆನ್ಸ್ ಮುಕ್ಕಾಲು ಗಂಟೆಯಿಂದ ಕಾಯುತ್ತಿತ್ತು. ಏರು ನೋಡಿ ಅದರ ಚಾಲಕ ಮೇಲೆ ಬರಲು ಒಪ್ಪಿರಲಿಲ್ಲ. ಅದೂ ವಾಹನವೇ ಅಲ್ಲವೇ, ಮಾನ್ಯರೇ?

ಶೇಷಮ್ಮ ಉಳಿದರು. ಕೋಲೂರಿ ಅಂಗಳದ ತನಕ ಬರುತ್ತಾರೆ. ತಪಾಸಣೆಗೆ ಕೊಪ್ಪಕ್ಕೆ ಕರೆದರೆ, "ನಿನ್ ಮೇಲೆ ಬೇಜಾರಿಲ್ಲ ಮಾರಾಯ, ಆ ಜೀಪು ಹತ್ತು ಅಂತ ಮಾತ್ರ ಹೇಳ್ಬೇಡ" ಎನ್ನುತ್ತಾರೆ. ನಾಲ್ಕು ತಿಂಗಳಿಂದ ಡಾಕ್ಟರನ್ನು ಕಂಡಿಲ್ಲ.

ನನಗೀಗ ಐವತ್ತೆಂಟು. ಸ್ಟೀರಿಂಗ್ ತಿರುಗಿಸಿ ಭುಜ ಸೋತಿದೆ. ನಾನು ಹುಷಾರಾಗಿ ಓಡಿಸಿದಷ್ಟೂ ತಮ್ಮ ಕಡತದಲ್ಲಿ ರಸ್ತೆ ಚೆನ್ನಾಗುತ್ತಿದೆ. ಉರುಳಿಬಿದ್ದಿದ್ದರೆ ಮಂಜೂರಾಗುತ್ತಿತ್ತೇ?

ಹೆದ್ದಾರಿ ಕೇಳುತ್ತಿಲ್ಲ. ಗಾಲಿಯಗಲದ ಎರಡು ಕಾಂಕ್ರೀಟು ಪಟ್ಟಿ, ಪಕ್ಕದಲ್ಲೊಂದು ಚರಂಡಿ, ಮುಂದಿನ ಮಳೆಗೆ ಮೊದಲು. ಹಿಂಬರಹವನ್ನು ಹಿಂಪಡೆಯಿರಿ. ಸೋಮವಾರದಿಂದ ನನ್ನ ಜೀಪು ಡಾಂಬರಿನಲ್ಲೇ ನಿಲ್ಲುತ್ತದೆ. ಹನ್ನೊಂದು ಮನೆಯವರೂ ಒಪ್ಪಿದ್ದಾರೆ. ಅಕ್ಕಿ, ಗೊಬ್ಬರ, ಗ್ಯಾಸು ಹೊತ್ತು ಹತ್ತುತ್ತೇವೆ. ಇನ್ನೊಮ್ಮೆ ಪರಿಶೀಲನೆಗೆ ಬರುವವರು ನಮ್ಮ ಜೊತೆ ನಡೆಯಲಿ.

ಇಂತಿ,
ಇಷ್ಟು ವರ್ಷ ಹತ್ತಿಸಿದ್ದೇ ತಪ್ಪಾಯಿತೇನೋ ಎಂದುಕೊಳ್ಳುವ
ಯೋಗೇಂದ್ರ, ಬಾಡಿಗೆ ಜೀಪಿನ ಚಾಲಕ